ಎಂಎಲ್ ಕಂಪೈಲರ್ ಒಳಗಿನ ಕೋಡ್: ಬಗ್ ಮೊದಲೋ, ರಿಫ್ಯಾಕ್ಟರ್ ಮೊದಲೋ? ಅನುಭವ ಹಂಚಿಕೊಳ್ಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಎಂಎಲ್‌ಐಆರ್ (ಕಂಪೈಲರ್ ಕಟ್ಟಲು ಬಳಸುವ ಚೌಕಟ್ಟು) ಮೇಲೆ ಕಟ್ಟಿದ ಒಂದು ಮೆಷಿನ್ ಲರ್ನಿಂಗ್ ಕಂಪೈಲರ್‌ನಲ್ಲಿ ಹೊಸದಾಗಿ ಕೆಲಸ ಶುರು ಮಾಡಿದ್ದೇನೆ. ಅದರ ಫ್ಯೂಶನ್ ಪಾಸ್ (ಹಲವು ಆಪ್‌ಗಳನ್ನು, ಅಂದರೆ ಲೆಕ್ಕದ ಹೆಜ್ಜೆಗಳನ್ನು, ಒಂದಾಗಿ ಸೇರಿಸುವ ಹಂತ) ವರ್ಷಗಟ್ಟಲೆ ತೇಪೆ ಹಾಕಿಸಿಕೊಂಡು ಬಂದ ಕೋಡ್. ಅದನ್ನು ಬಿಡಿಸಿ ಓರಣ ಮಾಡುವುದು (ರಿಫ್ಯಾಕ್ಟರ್) ನನ್ನ ಪಾಲಿಗೆ ಬಂದಿದೆ. ಅದೇ ಪಾಸ್‌ನಲ್ಲಿ ಒಂದು ಬಗ್ ಕೂಡ ಇದೆ. ಸಾಫ್ಟ್‌ಮ್ಯಾಕ್ಸ್ (ಬೆಲೆಗಳನ್ನು ಒಟ್ಟು 1 ಆಗುವ ಪಾಲುಗಳಾಗಿ ಬದಲಿಸುವ ಲೆಕ್ಕ) ಇರುವ ಮಾಡೆಲ್ ಫ್ಲೋಟ್16ರಲ್ಲಿ (16 ಬಿಟ್‌ನ ದಶಮಾಂಶ ಸಂಖ್ಯೆ) ಆಗಾಗ ನ್ಯಾನ್ (ಸಂಖ್ಯೆಯೇ ಅಲ್ಲದ ಬೆಲೆ) ಕೊಡುತ್ತದೆ, ಫ್ಲೋಟ್32ರಲ್ಲಿ ಸರಿಯಾಗಿ ಓಡುತ್ತದೆ. ಹೇಗೂ ಕೋಡ್‌ಗೆ ಕೈ ಹಾಕುತ್ತಿದ್ದೇನೆ, ಎರಡನ್ನೂ ಒಟ್ಟಿಗೆ ಮುಗಿಸಬಹುದಾ? ಇಂಥ ಕೆಲಸ ಮಾಡಿದವರು ಹೇಳಿ.

ಉತ್ತರ 1

ಒಟ್ಟಿಗೆ ಖಂಡಿತ ಬೇಡ. ಬಗ್ ಮೊದಲು, ಓರಣ ಆಮೇಲೆ.

ರಿಫ್ಯಾಕ್ಟರ್ ಮಾಡಿದರೆ ಔಟ್‌ಪುಟ್ ಬದಲಾಗಬಾರದು. ಬಗ್ ಸರಿ ಮಾಡಿದರೆ ಬದಲಾಗಲೇಬೇಕು. ಎರಡೂ ಒಂದೇ ಕಮಿಟ್‌ನಲ್ಲಿದ್ದರೆ, ಟೆಸ್ಟ್‌ನಲ್ಲಿ ಕಂಡ ಬದಲಾವಣೆ ಬೇಕಾಗಿ ಬಂದದ್ದೋ ಅಥವಾ ಕೈತಪ್ಪಿ ಬಂದದ್ದೋ ಅಂತ ರಿವ್ಯೂ ಮಾಡುವವರಿಗೆ ಹೇಗೆ ಗೊತ್ತಾಗಬೇಕು? ಮುಂದೆ ಯಾರಾದರೂ ಗಿಟ್ ಬೈಸೆಕ್ಟ್ (ತಪ್ಪು ಯಾವ ಕಮಿಟ್‌ನಲ್ಲಿ ಬಂತು ಅಂತ ಹುಡುಕುವ ಟೂಲ್) ಮಾಡಿದರೂ ಅದು ಆ ದೊಡ್ಡ ಕಮಿಟ್‌ಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಕೈಯಲ್ಲೇ ಹುಡುಕಬೇಕು.

ನಿಮ್ಮ ನ್ಯಾನ್ ವಿಷಯ. ಫ್ಲೋಟ್32ರಲ್ಲಿ ಸರಿ, 16ರಲ್ಲಿ ತಪ್ಪು ಅಂದ ಕೂಡಲೇ ಎಲ್ಲರೂ "ಅದು ಪ್ರಿಸಿಶನ್ ಸಮಸ್ಯೆ" ಅಂದು ಫೈಲ್ ಮುಚ್ಚುತ್ತಾರೆ. ಹಾಗೆ ಮುಚ್ಚಬೇಡಿ. ನನಗೆ ಅನುಮಾನ ಪ್ಯಾಡಿಂಗ್ ಮೇಲೆ. ನಾನು ಇದನ್ನೇ ಹೋಲುವ ಒಂದು ಬಗ್ ನೋಡಿದ್ದೇನೆ, ಅದನ್ನು ಪೂರ್ತಿ ಹೇಳುತ್ತೇನೆ.

ಸಾಲಿನಲ್ಲಿ 13 ಅಂಕಿ, ಟೈಲ್ (ಒಂದೇ ಸಲಕ್ಕೆ ಲೆಕ್ಕ ಮಾಡುವ ತುಂಡು) ಅಳತೆ 16 ಅಂದುಕೊಳ್ಳಿ. ಉಳಿದ ಮೂರು ಜಾಗಕ್ಕೆ ಕಂಪೈಲರ್ ಸೊನ್ನೆ ತುಂಬುತ್ತದೆ. ಮೊತ್ತ ಮಾಡುವಾಗ ಸೊನ್ನೆ ಸೇರಿದರೆ ಏನೂ ಆಗುವುದಿಲ್ಲ. ಆದರೆ ಸಾಫ್ಟ್‌ಮ್ಯಾಕ್ಸ್‌ನಲ್ಲಿ ಮೊದಲು ಗರಿಷ್ಠ ಬೆಲೆ ಹುಡುಕಬೇಕಲ್ವಾ? ಅಲ್ಲಿ ತುಂಬಬೇಕಾದ್ದು ಮೈನಸ್ ಇನ್ಫಿನಿಟಿ. ಫ್ಯೂಶನ್ ಪಾಸ್ ಗರಿಷ್ಠ, ಮೊತ್ತ ಅನ್ನುವ ಎರಡು ರಿಡಕ್ಷನ್‌ಗಳನ್ನು (ಸಾಲನ್ನು ಒಂದೇ ಬೆಲೆಗೆ ಇಳಿಸುವ ಲೆಕ್ಕ) ಒಂದೇ ಕರ್ನಲ್‌ಗೆ (ಯಂತ್ರದ ಮೇಲೆ ಒಟ್ಟಿಗೆ ಓಡುವ ಕೋಡ್ ತುಂಡು) ಸೇರಿಸಿದಾಗ ಎರಡಕ್ಕೂ ಒಂದೇ ಪ್ಯಾಡ್ ಬೆಲೆ ಕೊಟ್ಟುಬಿಟ್ಟಿತ್ತು. ಸಾಲಿನಲ್ಲಿರುವ ಬೆಲೆಗಳೆಲ್ಲ ಮೈನಸ್ 20ರ ಹತ್ತಿರ ಇದ್ದವು. ಗರಿಷ್ಠ ಮೈನಸ್ 20 ಬರಬೇಕಿತ್ತು, ಪ್ಯಾಡಿಂಗ್‌ನಿಂದಾಗಿ 0 ಬಂತು.

ಈಗ ಫ್ಲೋಟ್32ರಲ್ಲಿ ಏನಾಗುತ್ತದೆ ನೋಡಿ. ಸಾಫ್ಟ್‌ಮ್ಯಾಕ್ಸ್‌ನಲ್ಲಿ ಎಲ್ಲದರಿಂದ ಯಾವ ಒಂದೇ ಸಂಖ್ಯೆ ಕಳೆದರೂ ಉತ್ತರ ಅದೇ. ಎಕ್ಸ್‌ಪೊನೆನ್ಶಿಯಲ್ ಮೈನಸ್ 20 ಅಂದರೆ ಸುಮಾರು 0.000000002. ಫ್ಲೋಟ್32 ಅದನ್ನು ಆರಾಮಾಗಿ ಹಿಡಿಯುತ್ತದೆ. ಮೊತ್ತ ಮಾಡುವ ಹಂತ ಪ್ಯಾಡ್ ಜಾಗಗಳನ್ನು ಬಿಟ್ಟೇ ಕೂಡುತ್ತಿತ್ತು. ಹಾಗಾಗಿ ತಪ್ಪು ಗರಿಷ್ಠ ಬೆಲೆ ಇಟ್ಟುಕೊಂಡೂ ಸರಿ ಉತ್ತರ! ಫ್ಲೋಟ್16ರಲ್ಲಿ ಸೊನ್ನೆಗಿಂತ ದೊಡ್ಡದಾದ ಅತಿ ಸಣ್ಣ ಸಂಖ್ಯೆಯೇ ಸುಮಾರು 0.00000006. ಹದಿಮೂರು ಬೆಲೆಗಳೂ ಸೊನ್ನೆಯಾದವು, ಮೊತ್ತವೂ ಸೊನ್ನೆ, ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ನ್ಯಾನ್. ಬಗ್ ಎರಡು ಟೈಪ್‌ಗಳಲ್ಲೂ ಇತ್ತು, ಒಂದರಲ್ಲಿ ಮಾತ್ರ ಹೊರಗೆ ಕಂಡಿತು.

ಅಳತೆ 16ರ ಗುಣಕವಾಗಿದ್ದರೆ ಪ್ಯಾಡಿಂಗ್ ಇಲ್ಲ, ಬಗ್ಗೂ ಇಲ್ಲ. ನಿಮ್ಮದು "ಆಗಾಗ" ಬರುತ್ತದೆ ಅಂದಿರಿ. ಯಾವ ಅಳತೆಗೆ ಬರುತ್ತದೆ ಅಂತ ಮೊದಲು ಬರೆದಿಟ್ಟುಕೊಳ್ಳಿ. 1, 13, 16, 17 ಹಾಕಿ ನೋಡಿ. ಇನ್‌ಪುಟ್‌ನಲ್ಲಿ ಎಲ್ಲವೂ ನೆಗೆಟಿವ್ ಆಗಿರುವ ಸಾಲನ್ನೂ ಕೊಡಿ. ರ‍್ಯಾಂಡಮ್ ಇನ್‌ಪುಟ್ ಸಾಮಾನ್ಯವಾಗಿ ಸೊನ್ನೆಯ ಆಚೀಚೆ ಇರುತ್ತದೆ, ಅದಕ್ಕೇ ಇಂಥದ್ದು ಟೆಸ್ಟ್‌ಗಳ ಕೈಗೆ ಸಿಗುವುದಿಲ್ಲ.

ಉತ್ತರ 2

ಮೇಲಿನವರು ಹೇಳಿದ್ದು ಸಾಧ್ಯತೆ ಇದೆ. ಆದರೆ ಊಹೆಯಿಂದ ಕೋಡ್ ಓದಲು ಹೋಗುವ ಮೊದಲು ಯಾವ ಪಾಸ್ ತಪ್ಪು ಮಾಡುತ್ತಿದೆ ಅಂತ ಗಟ್ಟಿ ಮಾಡಿಕೊಳ್ಳಿ. ಎಂಎಲ್‌ಐಆರ್‌ನಲ್ಲಿ ಪ್ರತಿ ಪಾಸ್ ಆದಮೇಲೆ ಐಆರ್ (ಕಂಪೈಲರ್ ಒಳಗೆ ಪ್ರೋಗ್ರಾಂನ ಮಧ್ಯದ ರೂಪ) ಪ್ರಿಂಟ್ ಮಾಡುವ ಆಯ್ಕೆಯಿದೆ. ಜೊತೆಗೆ "ಬದಲಾದರೆ ಮಾತ್ರ" ಅನ್ನುವ ಆಯ್ಕೆಯನ್ನೂ ಹಾಕಿ, ಇಲ್ಲದಿದ್ದರೆ ಲಾಗ್ ಓದಿ ಮುಗಿಯುವುದಿಲ್ಲ. ಇಡೀ ಮಾಡ್ಯೂಲ್ ಪ್ರಿಂಟ್ ಆಗಬೇಕಿದ್ದರೆ ಮಲ್ಟಿಥ್ರೆಡಿಂಗ್ ಆಫ್ ಮಾಡಬೇಕು. ಎಕ್ಸ್‌ಎಲ್‌ಎ (ಇನ್ನೊಂದು ಎಂಎಲ್ ಕಂಪೈಲರ್) ಬಳಸುವವರಿಗೂ ಪಾಸ್ ಪಾಸ್‌ಗೆ ಎಚ್‌ಎಲ್‌ಒ (ಅದರ ಐಆರ್) ಡಂಪ್ ಸಿಗುತ್ತದೆ. ಪೈಟಾರ್ಚ್ ಕಡೆಯಿಂದ ಬರುವವರು ಬ್ಯಾಕೆಂಡ್ ಅನ್ನು ಮೊದಲು ಈಗರ್ (ಕಂಪೈಲ್ ಮಾಡದೆ ಓಡಿಸುವುದು), ಆಮೇಲೆ ಎಒಟಿ ಈಗರ್ (ಗ್ರಾಫ್ ಹಿಡಿದರೂ ಕರ್ನಲ್ ಹುಟ್ಟಿಸದ್ದು), ಕೊನೆಗೆ ಇಂಡಕ್ಟರ್ (ಪೂರ್ತಿ ಕಂಪೈಲ್) ಅಂತ ಬದಲಾಯಿಸಿದರೆ ತಪ್ಪು ಯಾವ ಹಂತದ್ದು ಅಂತ ಬೇಗ ತಿಳಿಯುತ್ತದೆ.

ಆಮೇಲೆ ಆ ಐಆರ್ ಅನ್ನು ಸಣ್ಣದು ಮಾಡಿ. ಎಂಎಲ್‌ಐಆರ್ ರಿಡ್ಯೂಸ್ ಟೂಲ್ ಇದೆ, ಆದರೆ ನನಗೆ ಕೈಯಲ್ಲೇ ಕತ್ತರಿಸುವುದು ಇಷ್ಟ. ಒಂದೊಂದು ಆಪ್ ತೆಗೆಯುತ್ತಾ ಹೋದರೆ ಯಾವುದು ತೆಗೆದಾಗ ಬಗ್ ಮಾಯವಾಗುತ್ತದೆ ಅನ್ನುವುದೇ ಅರ್ಧ ಉತ್ತರ. ಕೊನೆಗೆ ಹತ್ತು ಹನ್ನೆರಡು ಸಾಲು ಉಳಿದರೆ ಅದೇ ನಿಮ್ಮ ಟೆಸ್ಟ್ ಫೈಲ್.

"ಬಗ್ ಮೊದಲು" ಅನ್ನುವುದನ್ನು ಮಾತ್ರ ನಾನು ಪೂರ್ತಿ ಒಪ್ಪುವುದಿಲ್ಲ. ಒಂದೇ ಫಂಕ್ಷನ್ ಐದಾರು ಕೆಲಸ ಮಾಡುತ್ತಿದ್ದರೆ ತಪ್ಪು ಎಲ್ಲಿದೆ ಅಂತ ಕಾಣುವುದೇ ಇಲ್ಲ. ಆಗ ಸ್ವಲ್ಪ ಬಿಡಿಸಿಕೊಳ್ಳಲೇಬೇಕು. ಅಂಥ ಕಮಿಟ್‌ಗೆ ಎಲ್‌ಎಲ್‌ವಿಎಂ (ಎಂಎಲ್‌ಐಆರ್ ಸೇರಿರುವ ಕಂಪೈಲರ್ ಯೋಜನೆ) ಬಳಗದಲ್ಲಿ ಎನ್‌ಎಫ್‌ಸಿ ಅಂತ ಗುರುತು ಹಾಕುತ್ತಾರೆ, ಅಂದರೆ ವರ್ತನೆಯಲ್ಲಿ ಬದಲಾವಣೆ ಇಲ್ಲ ಅಂತ. ಆ ಗುರುತನ್ನು ಸುಮ್ನೆ ಹಾಕಬೇಡಿ, ಸಾಬೀತು ಮಾಡಿ. ಕೈಯಲ್ಲಿರುವ ಎಲ್ಲ ಮಾಡೆಲ್‌ಗಳನ್ನೂ ಹಳೆ ಬೈನರಿ, ಹೊಸ ಬೈನರಿ ಎರಡರಲ್ಲೂ ಓಡಿಸಿ, ಆ ಪಾಸ್ ಆದಮೇಲಿನ ಐಆರ್‌ಗಳ ಡಿಫ್ ತೆಗೆಯಿರಿ. ಖಾಲಿ ಬರಬೇಕು. ಒಂದು ಸಾಲು ವ್ಯತ್ಯಾಸ ಬಂದರೂ ಕಾರಣ ಗೊತ್ತಾಗುವವರೆಗೆ ಮರ್ಜ್ ಬೇಡ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್. ಡಿಫ್ ತೆಗೆದು ನೋಡಿದೆ. ನಾನು ಇನ್ನೂ ಏನೂ ಬದಲಾಯಿಸಿಲ್ಲ, ಆದರೂ ಒಂದೇ ಬೈನರಿ ಎರಡು ಸಲ ಓಡಿಸಿದರೆ ಆಪ್‌ಗಳ ಕ್ರಮ ಬೇರೆ ಬೇರೆ ಬರುತ್ತಿದೆ. ಇದು ಸಹಜವಾ?

ಉತ್ತರ 3

ಸಹಜ ಅಲ್ಲ, ಅದೂ ಒಂದು ಬಗ್. ಮೊದಲು ಅದನ್ನೇ ಸರಿ ಮಾಡಿ, ಅದಿಲ್ಲದೆ ಡಿಫ್‌ಗೆ ಬೆಲೆಯೇ ಇಲ್ಲ. ಪಾಸ್ ಒಳಗೆ ಎಲ್ಲಾದರೂ ಪಾಯಿಂಟರ್ (ಮೆಮೊರಿ ವಿಳಾಸ) ಕೀ ಇರುವ ಡೆನ್ಸ್‌ಮ್ಯಾಪ್ (ಎಲ್‌ಎಲ್‌ವಿಎಂನ ಹ್ಯಾಶ್ ಟೇಬಲ್) ಅಥವಾ ಪಾಯಿಂಟರ್ ಸೆಟ್ ಮೇಲೆ ಲೂಪ್ ಓಡುತ್ತಿರುತ್ತದೆ. ಪಾಯಿಂಟರ್‌ನ ವಿಳಾಸ ಪ್ರತಿ ಸಲ ಬದಲಾಗುತ್ತದೆ, ಅದರ ಜೊತೆ ಕ್ರಮವೂ ಬದಲಾಗುತ್ತದೆ. ಮ್ಯಾಪ್‌ವೆಕ್ಟರ್, ಸೆಟ್‌ವೆಕ್ಟರ್ ಹಾಕಿದರೆ ಸೇರಿಸಿದ ಕ್ರಮದಲ್ಲೇ ಬರುತ್ತವೆ. ಎಲ್‌ಎಲ್‌ವಿಎಂನಲ್ಲಿ ರಿವರ್ಸ್ ಇಟರೇಶನ್ ಅನ್ನುವ ಬಿಲ್ಡ್ ಆಯ್ಕೆ ಇರುವುದೇ ಇಂಥ ಜಾಗ ಹಿಡಿಯಲು.

ಪ್ಯಾಟರ್ನ್ ಕೋಡ್ (ಐಆರ್‌ನಲ್ಲಿ ಒಂದು ಮಾದರಿ ಕಂಡರೆ ಅದನ್ನು ಬದಲಿಸುವ ಕೋಡ್) ಬಿಡಿಸುವಾಗ ಎರಡು ನಿಯಮ ಮರೆಯಬೇಡಿ. ಐಆರ್‌ನಲ್ಲಿ ಯಾವ ಬದಲಾವಣೆ ಇದ್ದರೂ ರಿರೈಟರ್ ಮೂಲಕವೇ ಆಗಬೇಕು. ಆಪ್ ಅನ್ನು ನೇರವಾಗಿ ಅಳಿಸಿದರೆ ಗ್ರೀಡಿ ಡ್ರೈವರ್‌ನ (ಪ್ಯಾಟರ್ನ್‌ಗಳನ್ನು ಮತ್ತೆ ಮತ್ತೆ ಓಡಿಸುವ ಭಾಗ) ವರ್ಕ್‌ಲಿಸ್ಟ್‌ಗೆ ಅದು ತಿಳಿಯುವುದಿಲ್ಲ, ಮುಂದೆಲ್ಲೋ ಸತ್ತ ಪಾಯಿಂಟರ್ ಮುಟ್ಟಿ ಕ್ರ್ಯಾಶ್ ಆಗುತ್ತದೆ. ಇನ್ನೊಂದು, ಐಆರ್ ಮುಟ್ಟಿದಮೇಲೆ ಫೇಲ್ಯೂರ್ ರಿಟರ್ನ್ ಮಾಡುವ ಹಾಗಿಲ್ಲ. ಹಳೆ ಕೋಡ್‌ನಲ್ಲಿ ಇದು ಜಾಸ್ತಿ: ಮೊದಲು ಹೊಸ ಆಪ್ ಕಟ್ಟಿ, ಆಮೇಲೆ "ಇದು ಸರಿಹೋಗಲ್ಲ" ಅಂತ ಹೊರಬರುತ್ತಾರೆ. ಪರೀಕ್ಷೆಗಳೆಲ್ಲ ಮೇಲೆ, ಕಟ್ಟುವುದೆಲ್ಲ ಕೆಳಗೆ ಇಡಿ. ಎಕ್ಸ್‌ಪೆನ್ಸಿವ್ ಪ್ಯಾಟರ್ನ್ ಚೆಕ್ ಮತ್ತು ಅಡ್ರೆಸ್ ಸ್ಯಾನಿಟೈಸರ್ (ಮೆಮೊರಿ ತಪ್ಪು ಹಿಡಿಯುವ ಟೂಲ್) ಎರಡನ್ನೂ ಆನ್ ಮಾಡಿ ಬಿಲ್ಡ್ ಮಾಡಿದರೆ ಇವೆರಡೂ ಬಹುಪಾಲು ಸಿಕ್ಕಿಬೀಳುತ್ತವೆ.

ಉತ್ತರ 4

ಫೋಲ್ಡ್‌ಗಳನ್ನೂ (ಲೆಕ್ಕವನ್ನು ಕಂಪೈಲ್ ಸಮಯದಲ್ಲೇ ಸರಳ ಮಾಡುವ ನಿಯಮಗಳು) ಒಮ್ಮೆ ಕಣ್ಣಾಡಿಸಿ. ಎಕ್ಸ್ ಗುಣಿಸು ಸೊನ್ನೆಯನ್ನು ಸೊನ್ನೆ ಅಂತ ಬರೆದಿದ್ದರೆ, ಎಕ್ಸ್ ನ್ಯಾನ್ ಅಥವಾ ಇನ್ಫಿನಿಟಿ ಆಗಿದ್ದಾಗ ಅದು ತಪ್ಪು. ಎಕ್ಸ್ ಕೂಡು ಸೊನ್ನೆಯನ್ನು ಎಕ್ಸ್ ಅನ್ನುವುದೂ ಫ್ಲೋಟ್‌ಗೆ ಪೂರ್ತಿ ಸರಿಯಲ್ಲ: ಮೈನಸ್ ಸೊನ್ನೆಗೆ ಪ್ಲಸ್ ಸೊನ್ನೆ ಕೂಡಿದರೆ ಪ್ಲಸ್ ಸೊನ್ನೆ ಬರುತ್ತದೆ. ಎಕ್ಸ್‌ನಿಂದ ಪ್ಲಸ್ ಸೊನ್ನೆ ಕಳೆಯುವುದನ್ನು ಎಕ್ಸ್ ಮಾಡಬಹುದು, ತೊಂದರೆ ಇಲ್ಲ. ಫಾಸ್ಟ್ ಮ್ಯಾತ್ (ಇಂಥ ಸೂಕ್ಷ್ಮಗಳನ್ನು ಬಿಟ್ಟರೂ ಆಗುತ್ತದೆ ಅನ್ನುವ) ಗುರುತು ಇದ್ದರೆ ಮಾತ್ರ ಉಳಿದವನ್ನು ಮಾಡಬಹುದು.

ಇಂಡೆಕ್ಸ್ ಲೆಕ್ಕ ಇಂಟ್32ರಲ್ಲಿದೆಯಾ ನೋಡಿ. 50,000 ಸಾಲು, 50,000 ಕಾಲಮ್ ಇರುವ ಟೆನ್ಸರ್‌ನಲ್ಲಿ 250 ಕೋಟಿ ಬೆಲೆಗಳು. ಇಂಟ್32ರ ಮಿತಿ 2,14,74,83,647.

ಉತ್ತರ 5

ಇಲ್ಲಿ ಯಾರೂ ವೇಗದ ಮಾತು ಎತ್ತಿಲ್ಲ. ಫ್ಯೂಶನ್ ಪಾಸ್ ಬಿಡಿಸುವಾಗ ಒಂದು ಷರತ್ತು ಚೂರು ಬಿಗಿಯಾದರೂ ಸಾಕು, ಎರಡು ಆಪ್ ಒಂದಾಗುವುದು ನಿಲ್ಲುತ್ತದೆ. ಉತ್ತರ ಸರಿಯಾಗೇ ಇರುತ್ತದೆ, ಟೆಸ್ಟ್‌ಗಳೆಲ್ಲ ಹಸಿರು. ಆದರೆ ಮಧ್ಯದ ಟೆನ್ಸರ್ ಮೆಮೊರಿಗೆ ಹೋಗಿ ವಾಪಸ್ ಬರುತ್ತದೆ, ಮಾಡೆಲ್ ನಿಧಾನವಾಗುತ್ತದೆ. ಹಾಗಾಗಿ ಪ್ರತಿ ಮಾಡೆಲ್‌ಗೂ ಎಷ್ಟು ಕರ್ನಲ್ ಹುಟ್ಟಿತು ಅಂತ ಒಂದು ಫೈಲ್‌ನಲ್ಲಿ ಬರೆದು ರೆಪೊದಲ್ಲೇ ಇಡಿ. ಆ ಸಂಖ್ಯೆ ಬದಲಾದರೆ ಸಿಐ (ಪ್ರತಿ ಬದಲಾವಣೆಗೂ ತಾನಾಗಿ ಟೆಸ್ಟ್ ಓಡಿಸುವ ವ್ಯವಸ್ಥೆ) ಕೆಂಪಾಗಲಿ. ಸಮಯ ಅಳೆಯುವುದು ಯಂತ್ರದಿಂದ ಯಂತ್ರಕ್ಕೆ ಏರುಪೇರಾಗುತ್ತದೆ, ಕರ್ನಲ್ ಎಣಿಕೆಗೆ ಆ ತಕರಾರಿಲ್ಲ.

ನಿಮ್ಮ ಬಗ್ ಪ್ಯಾಡಿಂಗ್‌ನದ್ದೇ ಆಗಿದ್ದರೆ ಅದರ ಫಿಕ್ಸ್‌ಗೂ ಇದು ಬೇಕಾಗುತ್ತದೆ. ಎರಡು ರಿಡಕ್ಷನ್‌ಗೆ ಬೇರೆ ಬೇರೆ ಪ್ಯಾಡ್ ಬೆಲೆ ಬೇಕು ಅಂದ ಕೂಡಲೇ ಅವನ್ನು ಎರಡು ಕರ್ನಲ್ ಮಾಡಿಬಿಡುವುದು ಸುಲಭದ ದಾರಿ. ಅದರ ಬದಲು ಒಂದೇ ಕರ್ನಲ್ ಒಳಗೆ, ಲೋಡ್ ಆದಮೇಲೆ, ಪ್ರತಿ ರಿಡಕ್ಷನ್‌ಗೂ ಅದರದೇ ಪ್ಯಾಡ್ ಬೆಲೆ ಹಾಕುವ ಸೆಲೆಕ್ಟ್ (ಎರಡು ಬೆಲೆಗಳಲ್ಲಿ ಒಂದನ್ನು ಆರಿಸುವ ಆಪ್) ಸೇರಿಸಿ ನೋಡಿ.