ಕಾಸರಗೋಡಿನಲ್ಲಿದ್ದುಕೊಂಡು ವಾಣಿಜ್ಯ ಕಟ್ಟಡಗಳ ಬ್ರೋಕರ್ ವೃತ್ತಿಯನ್ನು ಕಟ್ಟಿಕೊಳ್ಳಬಹುದೇ?

ಪ್ರಶ್ನೆ (ಕುಂಬಳೆ)

ಬಿ.ಕಾಂ. ಮುಗಿಸಿದ ಮೇಲೆ ಸೋದರಮಾವನವರ ಜೊತೆ ಮನೆ ಸ್ಥಳ ಮತ್ತು ತೋಟಗಳ ವ್ಯವಹಾರ ನೋಡಿಕೊಳ್ಳುತ್ತಿದ್ದೇನೆ. ಇನ್ನು ಮುಂದೆ ಅಂಗಡಿ ಮಳಿಗೆ, ಬ್ಯಾಂಕ್ ಶಾಖೆ, ಗೋದಾಮು ಇಂಥವುಗಳ ಬಾಡಿಗೆ ಮತ್ತು ಮಾರಾಟದಲ್ಲಿಯೇ ನೆಲೆಯೂರಬೇಕೆಂಬ ಆಸೆ. ಜನರ ಪರಿಚಯವಿದ್ದರೆ ಎಲ್ಲವೂ ಒಂದೇ, ಬೇರೆ ಕಲಿಯುವಂಥದ್ದೇನೂ ಇಲ್ಲ ಎಂಬುದು ಮಾವನವರ ಅಭಿಪ್ರಾಯ. ಹಾಗೆಯೇ ಆರಂಭಿಸಬಹುದೇ, ಅಥವಾ ಮೊದಲು ಮಂಗಳೂರಿನ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರುವುದು ಒಳ್ಳೆಯದೇ? ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ಬೇಕೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ 1 (ವಾಣಿಜ್ಯ ಕಟ್ಟಡಗಳ ಬ್ರೋಕರ್, ಕಾಸರಗೋಡು)

ನಿಮ್ಮ ಮಾವನವರ ಅನುಭವದ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಈ ಮಾತನ್ನು ನಾನು ಒಪ್ಪುವುದಿಲ್ಲ. ಪರಿಚಯದಿಂದ ನಿಮಗೆ ಕಟ್ಟಡದ ಬೀಗದ ಕೈ ಸಿಗಬಹುದು. ಆದರೆ ಬಾಡಿಗೆಗೆ ಬರುವ ಕಂಪೆನಿಯವರು ಕೇಳುವ ಮೊದಲ ಪ್ರಶ್ನೆಗೇ ಲೆಕ್ಕ ಬೇಕಾಗುತ್ತದೆ. ಮಾಲೀಕರು 1,500 ಚದರಡಿ, ಅಡಿಗೆ 40 ರೂಪಾಯಿ ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ಮೆಟ್ಟಿಲು, ಮೊಗಸಾಲೆ, ಗೋಡೆಗಳ ಪಾಲನ್ನೆಲ್ಲ ಕಳೆದು ಟೇಪು ಹಿಡಿದು ಅಳೆದಾಗ ಒಳಗಿನ ಕಾರ್ಪೆಟ್ ವಿಸ್ತೀರ್ಣ 1,050 ಚದರಡಿ ಮಾತ್ರ ಬಂದರೆ, ಬಾಡಿಗೆದಾರ ನಿಜವಾಗಿ ಕೊಡುತ್ತಿರುವುದು ಅಡಿಗೆ 57 ರೂಪಾಯಿಗೂ ಹೆಚ್ಚು. ಈ ವ್ಯತ್ಯಾಸವನ್ನು ಆತನೇ ಕಂಡುಹಿಡಿಯುವ ಮೊದಲು ನೀವು ಹೇಳಿದರೆ, ಮುಂದಿನ ಶಾಖೆಗೂ ಆತ ನಿಮ್ಮನ್ನೇ ಕರೆಯುತ್ತಾನೆ.

ರಾಷ್ಟ್ರೀಕೃತ ಬ್ಯಾಂಕುಗಳು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ತಾಂತ್ರಿಕ ಮತ್ತು ದರದ ಲಕೋಟೆಗಳನ್ನು ಬೇರೆಬೇರೆಯಾಗಿ ಕೇಳುವುದು ವಾಡಿಕೆ. ಬಾಡಿಗೆಯನ್ನು ಕಾರ್ಪೆಟ್ ವಿಸ್ತೀರ್ಣದ ಮೇಲೆಯೇ ನಿಗದಿ ಮಾಡುತ್ತಾರೆ. ದಲ್ಲಾಳಿಗಳಿಗೆ ಕಮಿಷನ್ ಕೊಡುವುದಿಲ್ಲ ಎಂಬ ಸಾಲೂ ಅದರಲ್ಲಿ ಸಾಮಾನ್ಯವಾಗಿ ಇರುತ್ತದೆ. ಆದ್ದರಿಂದ ಅಂಥ ಕಡೆ ನಿಮ್ಮ ಸಂಭಾವನೆ ಮಾಲೀಕರಿಂದಲೇ ಬರಬೇಕು.

ಇನ್ನು ಹೆದ್ದಾರಿಯ ವಿಷಯ. ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾದ ಮೇಲೆ, “ರಸ್ತೆಗೆ ತಾಗಿಕೊಂಡ ಕಟ್ಟಡ” ಎಂಬ ಹಳೆಯ ಮಾತಿಗೆ ಬೆಲೆ ಉಳಿದಿಲ್ಲ. ಈಗ ಮಳಿಗೆಯ ಮುಂದಿರುವುದು ಸರ್ವಿಸ್ ರಸ್ತೆ. ಎದುರು ಬದಿಯಿಂದ ಬರುವ ಗ್ರಾಹಕ ಯಾವ ಅಂಡರ್‌ಪಾಸಿನಲ್ಲಿ ತಿರುಗಬೇಕು, ಸರಕಿನ ಲಾರಿ ಎಲ್ಲಿ ನಿಲ್ಲಬೇಕು ಎಂಬುದನ್ನು ಕಟ್ಟಡ ತೋರಿಸುವ ಮೊದಲೇ ನಡೆದು ನೋಡಿರಬೇಕು. ಎರಡು ಕಟ್ಟಡಗಳ ನಡುವೆ ನೂರೇ ಮೀಟರ್ ಅಂತರವಿದ್ದರೂ ಬಾಡಿಗೆಯ ಯೋಗ್ಯತೆ ಬೇರೆಯಾಗಿರುವುದನ್ನು ಉಪ್ಪಳ, ಕುಂಬಳೆ ಪೇಟೆಗಳಲ್ಲಿ ನೀವೇ ಕಾಣಬಹುದು.

ಉತ್ತರ 2 (ಆಧಾರ ಅಂದರೆ ಆಸ್ತಿಪತ್ರ ಬರೆಯುವವರು, ಬದಿಯಡ್ಕ)

ಮೇಲಿನವರು ಲೆಕ್ಕದ ವಿಷಯ ಹೇಳಿದರು. ನಾನು ಕಾಗದದ ವಿಷಯ ಹೇಳುತ್ತೇನೆ. 1956ರ ನವೆಂಬರ್ 1ರವರೆಗೆ ನಮ್ಮ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದುದರಿಂದ ಇಲ್ಲಿನ ಹಳೆಯ ಆಧಾರಗಳು ಬಹಳಷ್ಟು ಕನ್ನಡದಲ್ಲಿವೆ. ಮೂಲಗೇಣಿ, ಚಾಲಗೇಣಿ, ವರ್ಗ ಎಂಬ ಮಾತುಗಳು ಬಂದಾಗ ಎರ್ನಾಕುಳಂನಿಂದ ಬಂದ ವಕೀಲರೂ ಕಾಗದವನ್ನು ನಮ್ಮ ಕಡೆಗೆ ಸರಿಸುತ್ತಾರೆ. ಮೂಲಗೇಣಿ ಶಾಶ್ವತ ಗೇಣಿ. ಚಾಲಗೇಣಿಗೆ ಆ ಭದ್ರತೆ ಇರಲಿಲ್ಲ. ವರ್ಗ ಎಂದರೆ ಕಂದಾಯ ದಾಖಲೆಯಲ್ಲಿ ಒಬ್ಬರ ಹೆಸರಿನಲ್ಲಿದ್ದ ಹಿಡುವಳಿ. ಭೂಸುಧಾರಣೆಯ ನಂತರ ಗೇಣಿದಾರರಿಗೆ ಪಟ್ಟೆ (ಒಡೆತನದ ಹಕ್ಕುಪತ್ರ) ಆಗಿದೆಯೇ, ಯಾರ ಹೆಸರಿನಲ್ಲಿ ಆಗಿದೆ, ಎಲ್ಲ ವಾರಸುದಾರರೂ ಸಹಿ ಹಾಕಿದ್ದಾರೆಯೇ ಎಂದು ಕೊಂಡಿ ಕೊಂಡಿಯಾಗಿ ನೋಡಬೇಕು. ಹಳೆಯ ಆಧಾರವನ್ನು ಕನ್ನಡದಲ್ಲಿ ಓದಿ, ವಿಲ್ಲೇಜ್ ಆಫೀಸಿನಲ್ಲಿ ಮಲಯಾಳದಲ್ಲಿ ವ್ಯವಹರಿಸಬಲ್ಲವರು ನಿಮ್ಮ ವಯಸ್ಸಿನಲ್ಲಿ ಕಡಿಮೆ. ಆ ಕಲಿಕೆಗೆ ಮಂಗಳೂರಿಗೆ ಹೋಗಬೇಕಾಗಿಲ್ಲ.

ಗೋದಾಮಿಗೆ ಜಾಗ ಹುಡುಕುವಾಗ ಕೇರಳದ 2008ರ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾಯ್ದೆಯನ್ನು ಮರೆಯಬೇಡಿ. ಈಗ ತೆಂಗು ಬೆಳೆದು ಒಣಗಿದಂತೆ ಕಂಡರೂ ಜಾಗವು ಡಾಟಾ ಬ್ಯಾಂಕಿನಲ್ಲಿ (ಆ ಕಾಯ್ದೆಯಡಿ ಮಾಡಿದ ಗದ್ದೆ, ಜೌಗು ಜಾಗಗಳ ಪಟ್ಟಿಯಲ್ಲಿ) ಗದ್ದೆಯೆಂದೇ ಇದ್ದರೆ ಕಟ್ಟಡಕ್ಕೆ ಪರವಾನಗಿ ಸಿಗದು. ಕಟ್ಟಡ ಇದ್ದರೂ ಪಂಚಾಯತಿನ ದಾಖಲೆಯಲ್ಲಿ ಅದು ವಾಸದ ಮನೆಯೇ, ವಾಣಿಜ್ಯವೇ ಎಂದು ನೋಡಿ. ವಾಸದ ಮನೆಯನ್ನು ಶೋರೂಮು ಮಾಡಹೊರಟು, ಟ್ರೇಡ್ ಲೈಸೆನ್ಸ್ ಸಿಗದೆ, ಮುಂಗಡಕ್ಕಾಗಿ ಜಗಳವಾಡಿದವರು ನಮ್ಮ ಕಚೇರಿಗೆ ಬರುತ್ತಲೇ ಇರುತ್ತಾರೆ.

ಉತ್ತರ 3 (ಮಂಗಳೂರಿನ ಸಂಸ್ಥೆಯೊಂದರ ಉದ್ಯೋಗಿ, ಮೂಲ ಮಂಜೇಶ್ವರ)

ಇಬ್ಬರ ಮಾತೂ ಸರಿ. ಆದರೂ ಒಂದೆರಡು ವರ್ಷ ಸಂಬಳದ ಕೆಲಸ ಮಾಡುವುದು ಒಳ್ಳೆಯದೆಂದು ನನಗನಿಸುತ್ತದೆ. ಈ ವೃತ್ತಿಯಲ್ಲಿ ಒಂದು ವ್ಯವಹಾರ ಮುಗಿಯಲು ತಿಂಗಳುಗಳೇ ಹಿಡಿಯುತ್ತವೆ, ಅಷ್ಟು ಕಾಲ ಮನೆ ಖರ್ಚು ನಡೆಯಬೇಕು. ಅದಕ್ಕಿಂತ ಮುಖ್ಯವಾಗಿ, ದೊಡ್ಡ ಬಾಡಿಗೆದಾರರ ಕರಾರುಪತ್ರಗಳು ಕೈಗೆ ಸಿಗುತ್ತವೆ. ಲಾಕ್-ಇನ್ ಅವಧಿ (ಕರಾರು ಮುರಿದು ಬಿಡುವಂತಿಲ್ಲದ ಅವಧಿ), ಒಳಾಂಗಣ ಕೆಲಸಕ್ಕೆ ಬಾಡಿಗೆರಹಿತ ದಿನಗಳು, ಮೂರು ವರ್ಷಕ್ಕೊಮ್ಮೆ ಶೇಕಡಾ 15 ಏರಿಕೆ ಇವೆಲ್ಲ ಓದಿದಾಗಲೇ ಅರ್ಥವಾಗುವಂಥವು. 40,000 ರೂಪಾಯಿ ಬಾಡಿಗೆ ಏಳನೆಯ ವರ್ಷಕ್ಕೆ 52,900 ಆಗುತ್ತದೆ ಎಂಬುದನ್ನು ಮಾಲೀಕರಿಗೂ ಬಾಡಿಗೆದಾರರಿಗೂ ಒಂದೇ ಹಾಳೆಯಲ್ಲಿ ತೋರಿಸಲು ಬರಬೇಕು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಲೀಸನ್ನು ನೋಂದಾಯಿಸಲೇಬೇಕು. ಹನ್ನೊಂದು ತಿಂಗಳ ಚೀಟಿಯನ್ನೇ ಮತ್ತೆ ಮತ್ತೆ ಬರೆಯುವ ನಮ್ಮೂರಿನ ರೂಢಿಯನ್ನು ದೊಡ್ಡ ಕಂಪೆನಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ.

ರೇರಾ ಬಗ್ಗೆ: 2016ರ ಕಾಯ್ದೆಯಂತೆ, ನೋಂದಾಯಿತ ಯೋಜನೆಯ ಮಳಿಗೆ ಅಥವಾ ಕಚೇರಿಯನ್ನು ಮಾರಿಸಿಕೊಡುವ ಏಜೆಂಟರಿಗೆ ನೋಂದಣಿ ಕಡ್ಡಾಯ. ಅದು ಆಯಾ ರಾಜ್ಯಕ್ಕೆ ಸೀಮಿತವಾದದ್ದರಿಂದ ತಲಪಾಡಿಯ ಆಚೆಗೂ ಮಾರಾಟ ಮಾಡುವುದಾದರೆ ಕರ್ನಾಟಕದಲ್ಲಿಯೂ ಮಾಡಿಸಬೇಕು. ಬರೀ ಬಾಡಿಗೆಯ ಮಧ್ಯಸ್ಥಿಕೆಗೆ ಅದು ಅನ್ವಯಿಸುವುದಿಲ್ಲ. ವಾರ್ಷಿಕ ಆದಾಯ 20 ಲಕ್ಷ ದಾಟಿದರೆ ಜಿ.ಎಸ್.ಟಿ. ನೋಂದಣಿ ಬೇಕು, ಕಮಿಷನ್ ಮೇಲೆ ಶೇಕಡಾ 18 ತೆರಿಗೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಇನ್ನೊಂದು ಸಂದೇಹ. ನಮ್ಮಲ್ಲಿ ಕಮಿಷನ್ ಬಾಯಿಮಾತಿನಲ್ಲಿಯೇ ನಡೆಯುತ್ತದೆ. ಬರಹದಲ್ಲಿ ಕೇಳಿದರೆ ಮಾಲೀಕರು ಬೇಸರಿಸುವುದಿಲ್ಲವೇ?

ಉತ್ತರ 1ರವರು

ಕೆಲವರು ಬೇಸರಿಸುತ್ತಾರೆ, ಆದರೂ ಕೇಳಿ. ಕಟ್ಟಡ ತೋರಿಸುವ ಮೊದಲೇ ಒಂದು ಪುಟದ ಪತ್ರ ಸಾಕು: ಯಾವ ಕಟ್ಟಡ, ಯಾವ ಬಾಡಿಗೆದಾರರನ್ನು ನೀವು ಪರಿಚಯಿಸುತ್ತಿದ್ದೀರಿ, ಸಂಭಾವನೆ ಒಂದು ತಿಂಗಳ ಬಾಡಿಗೆಯೇ ಅಥವಾ ಬೇರೆಯೇ, ಅದು ಸಲ್ಲಬೇಕಾದ ದಿನ ಯಾವುದು. ಆ ಕೊನೆಯ ಅಂಶದಲ್ಲಿ “ಕರಾರಿಗೆ ಸಹಿ ಬಿದ್ದ ದಿನ” ಎಂದೇ ಬರೆಸಿ. “ಅಂಗಡಿ ತೆರೆದ ಮೇಲೆ” ಎಂದಾದರೆ, ವಿದ್ಯುತ್ ಸಂಪರ್ಕವೋ ಲೈಸೆನ್ಸೋ ತಡವಾದಷ್ಟು ಕಾಲ ನಿಮ್ಮ ದುಡ್ಡೂ ಕಾಯುತ್ತದೆ. ಪತ್ರಕ್ಕೆ ಸಹಿ ಹಾಕಲು ಒಪ್ಪದ ಮಾಲೀಕರಿಗೆ ವಾಟ್ಸ್ಆ್ಯಪ್‌ನಲ್ಲಿ ಇದೇ ವಿವರ ಕಳುಹಿಸಿ, “ಸರಿ” ಎಂಬ ಉತ್ತರವನ್ನಾದರೂ ಪಡೆದುಕೊಳ್ಳಿ.