ಗೇಟ್‌ವೇ ಹೆಸರಿನಲ್ಲಿ ಬೇರೊಂದು ಯಂತ್ರ ಉತ್ತರಿಸುತ್ತಿದೆ: ಆಪರೇಟಿಂಗ್ ಸಿಸ್ಟಮ್ ಮಟ್ಟದಲ್ಲಿ ತಡೆಯುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಪದವಿ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಒಟ್ಟು 40 ಯಂತ್ರಗಳಿದ್ದು, 25ರಲ್ಲಿ ಉಬುಂಟು, ಉಳಿದವುಗಳಲ್ಲಿ ವಿಂಡೋಸ್ ಇದೆ. ಕಳೆದ ವಾರ ಕೆಲವು ವಿದ್ಯಾರ್ಥಿಗಳು, ದಿನವೂ ತೆರೆಯುವ ಜಾಲತಾಣಗಳಲ್ಲೇ ಪ್ರಮಾಣಪತ್ರ ಸರಿಯಿಲ್ಲವೆಂಬ ಎಚ್ಚರಿಕೆ ಬರುತ್ತಿದೆ ಎಂದರು. ಎಆರ್‌ಪಿ ಪಟ್ಟಿ (ಯಾವ ಐಪಿ ವಿಳಾಸಕ್ಕೆ ಯಾವ ಮ್ಯಾಕ್ ವಿಳಾಸ, ಅಂದರೆ ಜಾಲ ಕಾರ್ಡಿನ ವಿಳಾಸ, ಎಂದು ಯಂತ್ರ ಇಟ್ಟುಕೊಳ್ಳುವ ಪಟ್ಟಿ) ತೆಗೆದು ನೋಡಿದಾಗ, ಹೊರಜಾಲಕ್ಕೆ ದಾರಿಯಾದ ಗೇಟ್‌ವೇಯ ಐಪಿ ವಿಳಾಸದ ಎದುರಿಗೂ ಲ್ಯಾಬಿನ 37ನೆಯ ಯಂತ್ರದ ವಿಳಾಸದ ಎದುರಿಗೂ ಒಂದೇ ಮ್ಯಾಕ್ ವಿಳಾಸ ಕಂಡಿತು. ಆ ಯಂತ್ರದ ಕೇಬಲ್ ಬಿಡಿಸಿದ್ದೇನೆ. ಬಳಿಕ ಎಲ್ಲ ಉಬುಂಟು ಯಂತ್ರಗಳಲ್ಲಿ ಆರ್‌ಪಿ ಫಿಲ್ಟರ್ (ಬಂದ ಪ್ಯಾಕೆಟ್ಟಿನ ಮೂಲ ವಿಳಾಸ ಪರಿಶೀಲಿಸುವ ಲಿನಕ್ಸ್ ಹೊಂದಿಕೆ) ಮೌಲ್ಯವನ್ನು 1ಕ್ಕೆ ಇಟ್ಟು, ಫೈರ್‌ವಾಲ್ ಚಾಲೂ ಮಾಡಿದೆ. ಆದರೂ ಪರೀಕ್ಷೆಗೆಂದು ನಾನೇ ‘ಗೇಟ್‌ವೇ ನಾನು’ ಎಂಬ ಸುಳ್ಳು ಎಆರ್‌ಪಿ ಉತ್ತರ ಕಳಿಸಿದಾಗ ಪಟ್ಟಿ ಮತ್ತೆ ಬದಲಾಯಿತು. ನಾನು ಎಲ್ಲಿ ತಪ್ಪಿದ್ದೇನೆ? ನಮ್ಮ ಫೈಲ್ ಸರ್ವರ್ ಕೂಡ ಐಪಿ ವಿಳಾಸ ನೋಡಿಯೇ ಒಳಗೆ ಬಿಡುತ್ತದೆ ಎಂಬುದು ನನ್ನ ಇನ್ನೊಂದು ಆತಂಕ.

ಉತ್ತರ 1

ನೀವು ಹಾಕಿರುವ ಬೀಗ ಒಳ್ಳೆಯದೇ, ಆದರೆ ಅದು ಬೇರೆ ಬಾಗಿಲಿನದು. ಬಂದ ಪ್ಯಾಕೆಟ್ಟಿನ ಮೂಲ ವಿಳಾಸಕ್ಕೆ ಮರಳಿ ಕಳಿಸಬೇಕಾದರೆ ಅದೇ ಇಂಟರ್‌ಫೇಸಿನ ಮೂಲಕ ಹೋಗಬೇಕಾಗುತ್ತದೆಯೇ ಎಂಬುದನ್ನಷ್ಟೇ ಆರ್‌ಪಿ ಫಿಲ್ಟರ್ ಪರಿಶೀಲಿಸುತ್ತದೆ. ಒಂದೇ ಜಾಲದೊಳಗೆ ಕುಳಿತವನು ಪಕ್ಕದ ಯಂತ್ರದ ವಿಳಾಸ ಬಳಸಿದರೆ ದಾರಿ ಸರಿಯಾಗಿಯೇ ಇರುವುದರಿಂದ ಅದಕ್ಕೆ ಯಾವ ಸಂಶಯವೂ ಹುಟ್ಟುವುದಿಲ್ಲ. ಎಆರ್‌ಪಿ ಸಂದೇಶಗಳಂತೂ ಅದರ ಮುಂದೆ ಹಾದುಹೋಗುವುದೇ ಇಲ್ಲ, ಸಾಮಾನ್ಯ ಐಪಿ ಫೈರ್‌ವಾಲಿನ ನಿಯಮಗಳಿಗೂ ಸಿಗುವುದಿಲ್ಲ.

1982ರಲ್ಲಿ ಆರ್‌ಎಫ್‌ಸಿ 826 ಎಂಬ ಅಂತರ್ಜಾಲ ಮಾನದಂಡ ದಾಖಲೆಯ ಮೂಲಕ ರೂಪುಗೊಂಡ ಎಆರ್‌ಪಿಯಲ್ಲಿ, ಉತ್ತರ ಕೊಟ್ಟವರು ಯಾರು ಎಂದು ದೃಢಪಡಿಸಿಕೊಳ್ಳುವ ಏರ್ಪಾಡೇ ಇಲ್ಲ. ಕೇಳದೆ ಬಂದ ಘೋಷಣೆಯಿಂದ ಹೊಸ ನಮೂದು ಸೇರಿಸುವುದನ್ನು ಲಿನಕ್ಸ್ ಮೂಲ ಹೊಂದಿಕೆಯಲ್ಲಿ ತಡೆಯುತ್ತದೆ ನಿಜ, ಆದರೆ ಪಟ್ಟಿಯಲ್ಲಿ ಈಗಾಗಲೇ ಇರುವ ನಮೂದನ್ನು ಅಂಥ ಘೋಷಣೆ ಬದಲಿಸಬಲ್ಲದು. ಗೇಟ್‌ವೇಯ ನಮೂದು ಸಾಮಾನ್ಯವಾಗಿ ಪಟ್ಟಿಯಲ್ಲಿ ಇದ್ದೇ ಇರುತ್ತದೆ.

ಹಾಗಾಗಿ ಗೇಟ್‌ವೇಯ ಮ್ಯಾಕ್ ವಿಳಾಸವನ್ನು ಪ್ರತಿ ಯಂತ್ರದಲ್ಲೂ ಶಾಶ್ವತ ನಮೂದಾಗಿ ಬರೆದಿಡಿ. ಉಬುಂಟುವಿನಲ್ಲಿ ಇದು ಮರುಪ್ರಾರಂಭದ ನಂತರವೂ ಉಳಿಯುವಂತೆ ಸ್ಕ್ರಿಪ್ಟ್ ಬೇಕು. ವಿಂಡೋಸಿನಲ್ಲಿ ಹಳೆಯ ಎಆರ್‌ಪಿ ಆಜ್ಞೆಯ ಬದಲು ನೆಟ್‌ಶೆಲ್ (netsh) ಆಜ್ಞೆ ಬಳಸಿದರೆ ನಮೂದು ತಾನೇ ಉಳಿಯುತ್ತದೆ. ಇಷ್ಟು ಮಾಡಿದರೂ ಅರ್ಧ ದಾರಿ ಮಾತ್ರ ಭದ್ರವಾಗುತ್ತದೆ ಎಂಬುದನ್ನು ಮರೆಯಬೇಡಿ, ಏಕೆಂದರೆ ಆಕ್ರಮಣಕಾರನು ಗೇಟ್‌ವೇಗೆ ಸುಳ್ಳು ಹೇಳಿ ನಿಮ್ಮ ಯಂತ್ರಕ್ಕೆ ಮರಳುವ ಪ್ಯಾಕೆಟ್ಟುಗಳನ್ನು ತನ್ನೆಡೆಗೆ ತಿರುಗಿಸಿಕೊಳ್ಳಬಹುದು.

ನಿಮ್ಮ ಸ್ವಿಚ್ ಮ್ಯಾನೇಜ್ಡ್ (ಒಳಗೆ ಲಾಗಿನ್ ಆಗಿ ಹೊಂದಿಸಬಲ್ಲದ್ದು) ಆಗಿದೆಯೇ ಎಂದು ದಯವಿಟ್ಟು ನೋಡಿ. ಆಗಿದ್ದರೆ ಅದರಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ (ತಾನಾಗಿ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಯಾರಿಗೆ ಯಾವ ವಿಳಾಸ ಕೊಟ್ಟಿತೆಂದು ಸ್ವಿಚ್ ಪಟ್ಟಿ ಮಾಡುವುದು) ಮತ್ತು ಡೈನಾಮಿಕ್ ಎಆರ್‌ಪಿ ಇನ್‌ಸ್ಪೆಕ್ಷನ್ (ಆ ಪಟ್ಟಿಗೆ ಹೊಂದದ ಎಆರ್‌ಪಿ ಸಂದೇಶಗಳನ್ನು ತಡೆಯುವುದು) ಇರುವ ಸಾಧ್ಯತೆಯಿದೆ. ಮೊದಲು ಸ್ನೂಪಿಂಗ್ ಮಾತ್ರ ಚಾಲೂ ಮಾಡಿ, ಎಲ್ಲ ಯಂತ್ರಗಳೂ ಹೊಸದಾಗಿ ವಿಳಾಸ ಪಡೆಯುವವರೆಗೆ ಕಾದು, ಆಮೇಲೆ ಇನ್‌ಸ್ಪೆಕ್ಷನ್ ಚಾಲೂ ಮಾಡಬೇಕು. ಇಲ್ಲವಾದರೆ ಸ್ವಿಚ್ಚಿನ ಪಟ್ಟಿ ಖಾಲಿಯಿರುವುದರಿಂದ ಇಡೀ ಲ್ಯಾಬಿನ ಸಂಪರ್ಕ ಕಡಿದುಹೋಗುತ್ತದೆ.

ಉತ್ತರ 2

ವಿಂಡೋಸ್ ಯಂತ್ರಗಳ ಬಗ್ಗೆ ಒಂದು ಮಾತು. ಡಿಎನ್‌ಎಸ್‌ನಲ್ಲಿ ಹೆಸರು ಸಿಗದಿದ್ದರೆ ವಿಂಡೋಸ್ ಎಲ್‌ಎಲ್‌ಎಂಎನ್‌ಆರ್ ಮತ್ತು ನೆಟ್‌ಬಯಾಸ್ ಮೂಲಕ ಪಕ್ಕದ ಯಂತ್ರಗಳನ್ನೆಲ್ಲ ‘ಈ ಹೆಸರಿನವರು ಯಾರು’ ಎಂದು ಕೇಳುತ್ತದೆ. ಯಾರು ‘ನಾನೇ’ ಎಂದರೂ ನಂಬುತ್ತದೆ. ಸರ್ವರಿನ ಹೆಸರನ್ನು ಒಂದಕ್ಷರ ತಪ್ಪಾಗಿ ಬರೆದರೂ ಸಾಕು, ಬಳಕೆದಾರರ ಗುಪ್ತಪದದಿಂದ ಲೆಕ್ಕಹಾಕಿದ ಉತ್ತರ ಸುಳ್ಳುಗಾರನ ಕೈ ಸೇರುತ್ತದೆ. ದುರ್ಬಲ ಗುಪ್ತಪದವಾದರೆ ಅವನು ಅದನ್ನು ಬಿಡುವಿನಲ್ಲಿ ಕುಳಿತು ಭೇದಿಸಬಹುದು. ಗ್ರೂಪ್ ಪಾಲಿಸಿಯ ಡಿಎನ್‌ಎಸ್ ಕ್ಲೈಂಟ್ ವಿಭಾಗದಲ್ಲಿ ಮಲ್ಟಿಕಾಸ್ಟ್ ಹೆಸರು ಹುಡುಕಾಟವನ್ನು ನಿಲ್ಲಿಸಿ, ನೆಟ್‌ಬಯಾಸ್ ಅನ್ನೂ ನಿಲ್ಲಿಸಿ, ಎಸ್‌ಎಂಬಿ ಸೈನಿಂಗ್ (ವಿಂಡೋಸ್ ಫೈಲ್ ಹಂಚಿಕೆಯ ಸಂದೇಶಗಳಿಗೆ ಸಹಿ) ಕಡ್ಡಾಯ ಮಾಡಿ. ಐಪಿವಿ6 ಅನ್ನೂ ಗಮನಿಸಿ: ಶಾಶ್ವತ ಎಆರ್‌ಪಿ ನಮೂದಾಗಲಿ ಆರ್‌ಪಿ ಫಿಲ್ಟರ್ ಆಗಲಿ ಅದಕ್ಕೆ ಅನ್ವಯಿಸುವುದಿಲ್ಲ.

ಉತ್ತರ 3

ನನಗೆ ಹೆಚ್ಚು ಕಳವಳ ತಂದಿದ್ದು ಫೈಲ್ ಸರ್ವರಿನ ವಿಷಯ. 1994ರ ಡಿಸೆಂಬರ್ 25ರಂದು ಕಂಪ್ಯೂಟರ್ ಭದ್ರತಾ ತಜ್ಞ ಟ್ಸುಟೊಮು ಶಿಮೊಮುರಾ ಅವರ ಯಂತ್ರಗಳ ಮೇಲೆ ನಡೆದ, ಹ್ಯಾಕರ್ ಕೆವಿನ್ ಮಿಟ್ನಿಕ್ ಹೆಸರಿನೊಂದಿಗೆ ತಳುಕು ಹಾಕಿಕೊಂಡ ದಾಳಿಯಲ್ಲಿ ಆದದ್ದೂ ಇದೇ. ಒಂದು ಯಂತ್ರ ಇನ್ನೊಂದನ್ನು ಕೇವಲ ಐಪಿ ವಿಳಾಸ ನೋಡಿ ನಂಬುತ್ತಿತ್ತು. ನಂಬಿಕೆಯ ಯಂತ್ರದ ಬಾಯಿಯನ್ನು ಪ್ಯಾಕೆಟ್ಟುಗಳ ಸುರಿಮಳೆಯಿಂದ ಮುಚ್ಚಿಸಿ, ಟಿಸಿಪಿಯ ಮುಂದಿನ ಕ್ರಮಸಂಖ್ಯೆಯನ್ನು ಊಹಿಸಿ, ಅದರ ಹೆಸರಿನಲ್ಲಿ ಆಜ್ಞೆ ಕಳಿಸಲಾಯಿತು. ಇಂದಿನ ಆಪರೇಟಿಂಗ್ ಸಿಸ್ಟಮ್‌ಗಳು ಕ್ರಮಸಂಖ್ಯೆಯನ್ನು ಊಹಿಸಲಾಗದಂತೆ ಆರಿಸುತ್ತವೆ. ಆದರೆ ನಿಮ್ಮ ಲ್ಯಾಬಿನಲ್ಲಿ ಊಹಿಸುವ ಕಷ್ಟವೇ ಇಲ್ಲ, ಎಆರ್‌ಪಿಯಲ್ಲಿ ಸುಳ್ಳು ಹೇಳಿದವನಿಗೆ ಉತ್ತರದ ಪ್ಯಾಕೆಟ್ಟುಗಳೇ ಕಣ್ಣಿಗೆ ಬೀಳುತ್ತವೆ.

ಆದ್ದರಿಂದ ವಿಳಾಸವನ್ನು ಗುರುತಿನ ಚೀಟಿಯಂತೆ ಬಳಸುವುದನ್ನು ಬಿಡಿ. ನಿಮ್ಮದು ಎನ್‌ಎಫ್‌ಎಸ್ ಎಂಬ ಫೈಲ್ ಹಂಚಿಕೆಯಾಗಿದ್ದರೆ ಬಳಕೆದಾರರನ್ನು ದೃಢೀಕರಿಸುವ ಕರ್ಬೆರೋಸ್ ಜೋಡಿಸಿ, ಅದು ಹೊರೆಯೆನಿಸಿದರೆ ಎಸ್‌ಎಸ್‌ಎಚ್ ಕೀಲಿಗಳ ಮೇಲೆ ನಡೆಯುವ ಸುರಕ್ಷಿತ ಫೈಲ್ ವರ್ಗಾವಣೆಯಾದ ಎಸ್‌ಎಫ್‌ಟಿಪಿಗೆ ಬದಲಾಯಿಸಿ, ಮತ್ತು ಸರ್ವರ್ ಅಸಲಿಯೇ ಎಂದು ಗುರುತಿಸುವ ಅದರ ಹೋಸ್ಟ್ ಕೀಲಿಯನ್ನು ಎಲ್ಲ ಯಂತ್ರಗಳಲ್ಲೂ ಮೊದಲೇ ಇಟ್ಟುಬಿಡಿ. ಪ್ರಮಾಣಪತ್ರದ ಎಚ್ಚರಿಕೆ ಬಂದ ದಿನ ‘ಮುಂದುವರಿಯಿರಿ’ ಒತ್ತಿದ ವಿದ್ಯಾರ್ಥಿಗಳು ಯಾರೆಂದು ಸಮಾಧಾನದಿಂದ ಕೇಳಿ ತಿಳಿದು, ಅವರ ಗುಪ್ತಪದಗಳನ್ನು ಬದಲಿಸಲು ಹೇಳಿ. ಅವರನ್ನು ಗದರಿದರೆ ಇನ್ನೊಮ್ಮೆ ಯಾರೂ ಬಂದು ಹೇಳುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ಸ್ವಿಚ್ ಮ್ಯಾನೇಜ್ಡ್ ಆಗಿತ್ತು, ಇಷ್ಟು ವರ್ಷ ಅದರೊಳಗೆ ಯಾರೂ ಲಾಗಿನ್ ಆಗಿರಲಿಲ್ಲ. ಹೇಳಿದ ಕ್ರಮದಲ್ಲೇ ಚಾಲೂ ಮಾಡಿದೆ. ಗೇಟ್‌ವೇಯ ಪೋರ್ಟನ್ನು ನಂಬಿಕೆಯ ಪೋರ್ಟಾಗಿ ಗುರುತಿಸಿದೆ. ಸುಳ್ಳು ಉತ್ತರ ಈಗ ಸ್ವಿಚ್ಚಿನಲ್ಲೇ ಬಿದ್ದುಹೋಗುತ್ತಿದೆ, ಯಾವ ಪೋರ್ಟಿನಿಂದ ಬಂದಿತೆಂಬುದೂ ದಾಖಲಾಗುತ್ತಿದೆ. ಡಿಎಚ್‌ಸಿಪಿ ಬಳಸದೆ ಸ್ಥಿರ ವಿಳಾಸವಿದ್ದ ಪ್ರಿಂಟರ್ ಮತ್ತು ಫೈಲ್ ಸರ್ವರ್ ಮಾತ್ರ ಸಂಪರ್ಕ ಕಳೆದುಕೊಂಡವು. ಅವೆರಡರ ವಿಳಾಸಗಳನ್ನು ಸ್ವಿಚ್ಚಿನಲ್ಲಿ ಕೈಯಾರೆ ಬರೆದ ಮೇಲೆ ಸರಿಹೋಯಿತು. ಹನ್ನೊಂದು ವಿದ್ಯಾರ್ಥಿಗಳು ತಾವಾಗಿಯೇ ಬಂದು ‘ಮುಂದುವರಿಯಿರಿ’ ಒತ್ತಿದ್ದೆವು ಎಂದರು, ಅವರ ಗುಪ್ತಪದಗಳು ಬದಲಾಗಿವೆ. ಎಸ್‌ಎಫ್‌ಟಿಪಿಗೆ ಬದಲಾಯಿಸುವ ಕೆಲಸವನ್ನು ಸೆಮಿಸ್ಟರ್ ರಜೆಯಲ್ಲಿ ಮಾಡುತ್ತೇನೆ. ಅಲ್ಲಿಯವರೆಗೆ ಸರ್ವರಿನಲ್ಲಿ ಅಂಕಪಟ್ಟಿಗಳಿದ್ದ ಫೋಲ್ಡರನ್ನು ಲ್ಯಾಬಿನ ಜಾಲದಿಂದ ಹೊರಗೆ ತೆಗೆದಿಟ್ಟಿದ್ದೇನೆ.