ಸಹಾಯ ಬೇಕು: ಬಾಬಿ ಚಾರ್ಲ್ಸ್ ಹಾಡುಗಳಿಗೆ ಕೀಬೋರ್ಡ್‌ನಲ್ಲಿ ನಡೆ ಕೂರುತ್ತಿಲ್ಲ

ಅಮೆರಿಕದ ಲೂಯಿಸಿಯಾನಾ ರಾಜ್ಯದ ಅಬೆವಿಲ್‌ನ ಕೇಜನ್ (ಅಲ್ಲಿನ ಫ್ರೆಂಚ್ ಮೂಲದ ಸಮುದಾಯ) ಗೀತರಚನೆಕಾರ ಬಾಬಿ ಚಾರ್ಲ್ಸ್ (1938–2010) ಇಲ್ಲಿ ಯಾರಿಗಾದರೂ ಚೆನ್ನಾಗಿ ಪರಿಚಯವಿದ್ದರೆ ದಯವಿಟ್ಟು ಓದಿ. 'ಸೀ ಯೂ ಲೇಟರ್, ಆಲಿಗೇಟರ್' ಹಾಡು ಅಂದರೆ ಜನ ಗಾಯಕ ಬಿಲ್ ಹೇಲಿ ಅಂತಾರೆ, 'ವಾಕಿಂಗ್ ಟು ನ್ಯೂ ಆರ್ಲಿಯನ್ಸ್' ಅಂದರೆ ಗಾಯಕ ಫ್ಯಾಟ್ಸ್ ಡೊಮಿನೊ. ಎರಡೂ ಹುಟ್ಟಿದ್ದು ಬಾಬಿ ಚಾರ್ಲ್ಸ್ ಅವರಿಂದ. ವಾದ್ಯ ನುಡಿಸಲು ಬಾರದೆ, ತಲೆಯಲ್ಲೇ ಹಾಡು ಕಟ್ಟಿದ ಇಂಥವರಿಗೆ ಸಿಕ್ಕ ಹೆಸರು ತೀರಾ ಕಡಿಮೆ.

ತೊಡಕು ಅವರ ಸೀಮೆಯ ನಿಧಾನದ ಸ್ವಾಂಪ್ ಪಾಪ್ (ರಿದಮ್ ಅಂಡ್ ಬ್ಲೂಸ್ ಜೊತೆ ಸ್ಥಳೀಯ ಕೇಜನ್ ಸಂಗೀತ ಬೆರೆತ) ಶೈಲಿಯಲ್ಲಿ. ಪ್ರತಿ ಬೀಟ್‌ಗೆ ಮೂರು ಪೆಟ್ಟು, ಅಂದರೆ ನಮ್ಮ ತಿಸ್ರ ನಡೆ. ನಾಲ್ಕು ಬೀಟ್‌ನ ಒಂದು ಬಾರ್‌ಗೆ (ಆವರ್ತಕ್ಕೆ) 12 ಪೆಟ್ಟು. ಮೆಟ್ರೊನೋಮ್ ನಿಮಿಷಕ್ಕೆ 70 ಬೀಟ್‌ಗೆ ಇಟ್ಟು, ಬಲಗೈಯಲ್ಲಿ ಮೂರು ಸ್ವರದ ಕಾರ್ಡ್ ಅಷ್ಟೂ ಪೆಟ್ಟಿಗೆ, ಎಡಗೈಯಲ್ಲಿ 1 ಮತ್ತು 3ನೇ ಬೀಟ್‌ಗೆ ಷಡ್ಜ, ಪಂಚಮ ನುಡಿಸುತ್ತಿದ್ದೇನೆ.

ಮೂರೂ ಪೆಟ್ಟು ಒಂದೇ ತೂಕದಲ್ಲಿ ಹಾಕಿದರೆ ಹೊಲಿಗೆ ಯಂತ್ರದ ಸದ್ದು. ನಡುವಿನದನ್ನು ಬಿಟ್ಟರೆ ಷಫಲ್ (ಉದ್ದ-ಗಿಡ್ಡ ಪೆಟ್ಟಿನ ನಡೆ) ಆಗುತ್ತದೆ. ಅದು 'ಆಲಿಗೇಟರ್'ನ 12 ಬಾರ್ ಬ್ಲೂಸ್‌ಗೆ (12 ಬಾರ್‌ಗೊಮ್ಮೆ ಮರುಕಳಿಸುವ ಕಾರ್ಡ್‌ಗಳ ಚೌಕಟ್ಟು) ಸರಿ, ನಿಧಾನದ ಹಾಡು ಮಾತ್ರ ಕುಂಟುತ್ತದೆ. ಪೆಡಲ್ ಒತ್ತಿಹಿಡಿದಾಗ ಕಾರ್ಡ್‌ಗಳು ಕಲಸಿಹೋಗುತ್ತಿದ್ದವು, ಕಾರ್ಡ್ ಬದಲಾದಾಗಲೆಲ್ಲ ಪೆಡಲ್ ಬಿಟ್ಟು ಒತ್ತಿದ ಮೇಲೆ ಅದು ಸರಿಹೋಯಿತು. ಆದರೂ ಆ ಆಲಸ್ಯದ ತೂಗಾಟ ಬರುತ್ತಿಲ್ಲ.

ಈ ಶೈಲಿ ನುಡಿಸುವವರು ಹೇಳಿ: ಬಲಗೈಯ ಮೊದಲ ಪೆಟ್ಟಿಗೆ ಒತ್ತು ಕೊಟ್ಟು ಉಳಿದೆರಡನ್ನು ಮೆಲ್ಲಗೆ ಹಾಕಬೇಕೆ, ಅಥವಾ ತೂಕ ಸಮ ಇಟ್ಟು ಎಡಗೈಯನ್ನು ಬೀಟ್‌ಗಿಂತ ಕೂದಲೆಳೆಯಷ್ಟು ಹಿಂದೆ ಬಿಡಬೇಕೆ?